ರುಜುವಾತಿನ ಹೊರೆ

ಖಾಸಗಿ ಆಸ್ಪತ್ರೆಯೊಂದರ ನೆಲಮಹಡಿ. ಔಷಧಿ ಅಂಗಡಿಯ ಪಕ್ಕದಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ಆರೋಗ್ಯಮಿತ್ರರ ಮೇಜು. ಸೋದರತ್ತೆಗೆ ಸ್ಟೆಂಟ್ ಹಾಕಿಸಬೇಕಿತ್ತು. ರೇಷನ್ ಕಾರ್ಡು, ಆಧಾರ್, ಜಿಲ್ಲಾ ಆಸ್ಪತ್ರೆಯ ರೆಫರಲ್ ಚೀಟಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹೊಂದಿಸಿಕೊಂಡು ಹೋಗಿದ್ದೆವು. ಒಂದು ಕಾರ್ಡಿನಲ್ಲಿ ಅವಳ ಹೆಸರಿನ ಕೊನೆಗೆ ‘ಅಮ್ಮ’ ಇತ್ತು, ಇನ್ನೊಂದರಲ್ಲಿ ‘ಅವ್ವ’. ಮೇಜಿನ ಹುಡುಗ ಕೆಟ್ಟವನಲ್ಲ. “ಹೆಸರು ಮ್ಯಾಚ್ ಆಗವಲ್ದು ಅಮ್ಮಾರ, ಸರಿ ಮಾಡಿಸ್ಕೊಂಡು ಬರ್ರಿ” ಅಂದ. ಅತ್ತೆ ಗಾಲಿಕುರ್ಚಿಯಲ್ಲಿ ಕೂತೇ, “ಎರಡೂ ನಾನ ಅದೀನೋ ತಮ್ಮಾ” ಅಂದಳು. ಅದಕ್ಕಿಂತ ದೊಡ್ಡ ರುಜುವಾತು ಅವಳ ಬಳಿ ಇರಲಿಲ್ಲ.

ಕಳ್ಳತನದ ಆರೋಪ ಹೊತ್ತವನಿಗೂ ನಮ್ಮ ಕಾನೂನು ಒಂದು ಅನುಕೂಲ ಕೊಟ್ಟಿದೆ: ತಪ್ಪನ್ನು ಸಾಬೀತು ಮಾಡಬೇಕಾದವರು ಆರೋಪ ಹೊರಿಸಿದವರು, ಅವನಲ್ಲ. ಕಾಯಿಲೆ ಬಿದ್ದವರಿಗೆ ಆ ಅನುಕೂಲವಿಲ್ಲ. ತಾನು ಬಡವಿ, ತಾನು ತಾನೇ, ತನ್ನ ರೋಗ ಪಟ್ಟಿಯಲ್ಲಿದೆ ಎಂದು ಆಕೆಯೇ ತೋರಿಸಿಕೊಡಬೇಕು. ಇಲ್ಲ ಎನ್ನುವವರು ಏನನ್ನೂ ತೋರಿಸಬೇಕಿಲ್ಲ.

ಈ ಏರ್ಪಾಟಿಗೆ ತಕ್ಕ ಪದವೂ ನಮ್ಮಲ್ಲಿದೆ: ಫಲಾನುಭವಿ. ಗಿಡ ನೆಟ್ಟವರು ಬೇರೆ, ನೀರೆರೆದವರು ಬೇರೆ, ಇವರು ಹಣ್ಣು ತಿನ್ನುವವರು. ತೆರಿಗೆಯ ನೀರು ಇವರ ಸೋಪು, ಬೆಂಕಿಪೊಟ್ಟಣಗಳಿಂದಲೂ ಹರಿದು ಬಂದದ್ದು ಎಂಬುದು ಆ ಪದದಲ್ಲಿ ಮರೆತೇಹೋಗುತ್ತದೆ. ಮತದಾನದ ದಿನ ಯಾರೂ ನಮ್ಮನ್ನು ಮತದಾನದ ಫಲಾನುಭವಿ ಎನ್ನುವುದಿಲ್ಲವಷ್ಟೆ.

ಯೋಜನೆಗೂ ಹಕ್ಕಿಗೂ ಇರುವ ಅಂತರ ಇಲ್ಲಿದೆ. ಯೋಜನೆಗಳನ್ನು ನಾನು ಹಗುರವಾಗಿ ಕಾಣುತ್ತಿಲ್ಲ. 2003ರಲ್ಲಿ ಯಶಸ್ವಿನಿ ಶುರುವಾದಾಗ ಸಹಕಾರ ಸಂಘದ ರೈತ ತಿಂಗಳಿಗೆ 5 ರೂಪಾಯಿ ಲೆಕ್ಕದಲ್ಲಿ ಕಟ್ಟಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬಹುದಾಗಿತ್ತು. ಅದು ಸಣ್ಣ ಮಾತಲ್ಲ. ಆದರೆ 2018ರಲ್ಲಿ ಅದು ನಿಂತಿತು, 2022ರ ಕೊನೆಗೆ ಮತ್ತೆ ನೋಂದಣಿ ಆರಂಭವಾಯಿತು. ನಿಲ್ಲಿಸಿದಾಗಲೂ ಆರಂಭಿಸಿದಾಗಲೂ ಕಟ್ಟಿದವರನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಈಗಿನ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಪುಕ್ಕಟೆ; ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30 ಮಾತ್ರ. ಹೀಗಾಗಿ ಅಕ್ಕಿಗೆಂದು ಹುಟ್ಟಿದ ಕಾರ್ಡು ಆಸ್ಪತ್ರೆಯ ಬೀಗದ ಕೈ ಆಗಿದೆ. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡು ರದ್ದತಿಯ ಗದ್ದಲವೆದ್ದಾಗ ನಮ್ಮೂರ ಚಹಾದಂಗಡಿಯಲ್ಲಿ ಕೇಳಿದ ಚಿಂತೆ ಅಕ್ಕಿಯದ್ದಾಗಿರಲಿಲ್ಲ, ಡಯಾಲಿಸಿಸ್‌ನದ್ದಾಗಿತ್ತು.

ಕಾನೂನು ಏನನ್ನುತ್ತದೆ? ಸಾರ್ವಜನಿಕ ಆರೋಗ್ಯ ಸುಧಾರಣೆ ರಾಜ್ಯದ ಕರ್ತವ್ಯ ಎಂದು ಸಂವಿಧಾನದ 47ನೇ ವಿಧಿ ಹೇಳುತ್ತದೆ. ಅದು ನಿರ್ದೇಶಕ ತತ್ವವಾದ್ದರಿಂದ ಅದನ್ನೇ ಹಿಡಿದು ಕೋರ್ಟಿಗೆ ಹೋಗಲಾಗದು. ದಾರಿ ತೆರೆದದ್ದು ಜೀವಿಸುವ ಹಕ್ಕಿನ 21ನೇ ವಿಧಿ, ಅದೂ ರೈಲಿನಿಂದ ಬಿದ್ದ ಒಬ್ಬ ಕೂಲಿಯಿಂದಾಗಿ. ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕ ಸಂಘಟನೆಯ ಸದಸ್ಯ ಹಕೀಂ ಶೇಖ್ 1992ರ ಜುಲೈ 8ರಂದು ಮಥುರಾಪುರ ನಿಲ್ದಾಣದಲ್ಲಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಆ ರಾತ್ರಿಯಿಂದ ಮರುದಿನ ಬೆಳಿಗ್ಗೆವರೆಗೆ ಏಳು ಸರ್ಕಾರಿ ಆಸ್ಪತ್ರೆಗಳ ಬಾಗಿಲು ಬಡಿದದ್ದಾಯಿತು. ಒಂದರಲ್ಲಿ ಹಾಸಿಗೆ ಇಲ್ಲ, ಇನ್ನೊಂದರಲ್ಲಿ ನರರೋಗ ವಿಭಾಗವಿಲ್ಲ, ಮತ್ತೊಂದರಲ್ಲಿ ಮತ್ತೆ ಹಾಸಿಗೆ ಇಲ್ಲ. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ಸುರಿದು ಬದುಕಿಕೊಂಡ. 1996ರಲ್ಲಿ ಸುಪ್ರೀಂ ಕೋರ್ಟ್ ಅವನಿಗೆ 25,000 ರೂಪಾಯಿ ಪರಿಹಾರ ಕೊಡಿಸಿ, ಹಣವಿಲ್ಲವೆಂದು ರಾಜ್ಯ ಈ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ ಎಂದಿತು.

ಕೇಳಲು ಚೆನ್ನಾಗಿದೆ. ಆದರೆ ಹಣ ನಿಜಕ್ಕೂ ಇಲ್ಲದಿದ್ದರೆ? ಹಕ್ಕಿನ ಮಾತಾಡುವವರು ಈ ಪ್ರಶ್ನೆಯನ್ನು ಬೇಗ ದಾಟಿಬಿಡುತ್ತಾರೆ. ಮರುವರ್ಷ, 1997ರಲ್ಲಿ, ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ನ್ಯಾಯಾಲಯದ ಮುಂದೆ ಸೂಬ್ರಮೊನಿ ಎಂಬ ನಿರುದ್ಯೋಗಿ ಬಂದರು. 41 ವಯಸ್ಸು, ಸಕ್ಕರೆ ಕಾಯಿಲೆ, ಹೃದ್ರೋಗ, ಕೈಕೊಟ್ಟ ಮೂತ್ರಪಿಂಡ. ಡರ್ಬನ್ನಿನ ಸರ್ಕಾರಿ ಆಸ್ಪತ್ರೆ ಡಯಾಲಿಸಿಸ್ ನಿರಾಕರಿಸಿತ್ತು: ಯಂತ್ರಗಳು ಕಡಿಮೆ, ವಾಸಿಯಾಗುವವರಿಗೆ ಮತ್ತು ಮೂತ್ರಪಿಂಡ ಕಸಿಗೆ ಅರ್ಹರಾದವರಿಗೆ ಮೊದಲು. ಆರೋಗ್ಯ ಸೇವೆ ಪಡೆಯುವ ಹಕ್ಕು ಅಲ್ಲಿನ ಸಂವಿಧಾನದಲ್ಲಿ ಅಕ್ಷರಶಃ ಇದೆ. ಆದರೂ ಅವರು ಸೋತರು, ಸ್ವಲ್ಪ ದಿನಗಳಲ್ಲೇ ತೀರಿಕೊಂಡರು.

ಮೊದಲ ಸಲ ಓದಿದಾಗ ಇದು ಹಕ್ಕಿನ ಸೋಲು ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ. ಆ ಮೊಕದ್ದಮೆಯಲ್ಲಿ ಆಸ್ಪತ್ರೆ ಬಾಯಿ ಬಿಡಬೇಕಾಯಿತು. ಯಾವ ನಿಯಮದ ಮೇಲೆ ಇಲ್ಲವೆಂದೆವು, ಆ ನಿಯಮ ಎಲ್ಲರಿಗೂ ಒಂದೇ ರೀತಿ ಅನ್ವಯವಾಯಿತೇ ಎಂದು ದೇಶದ ಅತಿ ದೊಡ್ಡ ಕೋರ್ಟಿನ ಮುಂದೆ ವಿವರಿಸಬೇಕಾಯಿತು. ಅದೇ ಕೋರ್ಟು 2002ರಲ್ಲಿ, ಎಚ್‌ಐವಿ ತಾಯಿಯಿಂದ ಮಗುವಿಗೆ ದಾಟದಂತೆ ತಡೆಯುವ ನೆವಿರಾಪಿನ್ ಔಷಧವನ್ನು ಕೆಲವೇ ಆಸ್ಪತ್ರೆಗಳಿಗೆ ಕಟ್ಟಿಹಾಕಿದ್ದ ಸರ್ಕಾರದ ವಿವರಣೆ ಕೇಳಿ, ಇದು ಒಪ್ಪುವಂಥದ್ದಲ್ಲ ಎಂದು ಎಲ್ಲೆಡೆ ಕೊಡಿಸಿತು. ಒಂದು ಕಾರಣ ನಿಂತಿತು, ಒಂದು ಬಿತ್ತು. ಎರಡೂ ಸಲ ಹೊರೆ ಇದ್ದದ್ದು ನಿರಾಕರಿಸಿದವರ ಮೇಲೆ. ಬೇಕಾದ್ದೆಲ್ಲ ಸಿಗುತ್ತದೆ ಎಂಬ ಭರವಸೆಯನ್ನು ಯಾವ ಹಕ್ಕೂ ಕೊಡಲಾರದು. ಕಾರಣ ಹೇಳದೆ ಹಿಂದೆ ಕಳಿಸುವಂತಿಲ್ಲ ಎಂಬ ಕಟ್ಟಳೆಯನ್ನು ಕೊಡಬಲ್ಲದು, ನನ್ನ ಮಟ್ಟಿಗೆ ಸಮಾನತೆಯ ಗಟ್ಟಿ ನೆಲ ಅದೇ.

ಆ ನೆಲದ ಮೇಲೆ ನಿಂತು ನಮ್ಮ ಆರೋಗ್ಯ ಯೋಜನೆಯನ್ನು ನೋಡಿದರೆ ಕೇಳಬೇಕಾದ್ದು ಬಹಳವಿದೆ. ಸಕ್ಕರೆ ಕಾಯಿಲೆ ಮೂತ್ರಪಿಂಡವನ್ನು ತಿಂದುಹಾಕಿದ ಮೇಲೆ ಡಯಾಲಿಸಿಸ್‌ಗೆ ಕಾರ್ಡು ನಡೆಯುತ್ತದೆ; ತಿನ್ನದಂತೆ ತಡೆಯುವ ತಿಂಗಳ ಮಾತ್ರೆ, ರಕ್ತಪರೀಕ್ಷೆಗೆ ನಡೆಯುವುದಿಲ್ಲ. (ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ, ಆ ದಿನ ಸ್ಟಾಕ್ ಇದ್ದರೆ.) ಹೀಗೇಕೆ ಎಂದು ಯಾರೂ ರೋಗಿಗೆ ವಿವರಿಸಿಲ್ಲ, ವಿವರಿಸಬೇಕೆಂಬ ಕಾನೂನೂ ಇಲ್ಲ. 2015ರ ರಾಷ್ಟ್ರೀಯ ಆರೋಗ್ಯ ನೀತಿಯ ಕರಡಿನಲ್ಲಿ ಆರೋಗ್ಯ ಹಕ್ಕಿನ ಕಾಯ್ದೆಯ ಪ್ರಸ್ತಾಪವಿತ್ತು. 2017ರ ಅಂತಿಮ ನೀತಿಯಲ್ಲಿ ಅದು ಕಾಣೆಯಾಯಿತು. ಕೋರ್ಟಿಗೆ ಹೋಗಬಲ್ಲವರಷ್ಟೇ ಹಕ್ಕನ್ನು ಬಾಚಿಕೊಳ್ಳುತ್ತಾರೆ ಎಂಬ ಆಕ್ಷೇಪ ನಿಜ. ಅದಕ್ಕೇ ವಾದ ಕೋರ್ಟಿನಲ್ಲಲ್ಲ, ಆ ಮೇಜಿನ ಬಳಿಯೇ ಶುರುವಾಗಬೇಕು: ‘ಇಲ್ಲ’ ಎನ್ನುವವರು ಯಾವ ನಿಯಮದಡಿ, ಎಷ್ಟು ಗಂಟೆಗೆ, ಯಾರು ಎಂದು ಬರೆದು ಸಹಿ ಹಾಕಿ ಕೊಡಲಿ. ಮೇಲ್ಮನವಿ ಯಾರಿಗೆ ಎಂಬುದೂ ಅದೇ ಕಾಗದದ ಕೆಳಗಿರಲಿ. ಬರೆಯಬೇಕಾಗಿ ಬಂದರೆ ಅರ್ಧ ನಿರಾಕರಣೆಗಳು ಅಲ್ಲೇ ಕರಗುತ್ತವೆ ಎಂದು ನನ್ನ ಗುಮಾನಿ.

ಅತ್ತೆಗೆ ಮೂರನೆಯ ದಿನ ಸ್ಟೆಂಟ್ ಹಾಕಿದರು. ಅದಕ್ಕೆ ಮುಂಚೆ ನಾನು ಕೋರ್ಟಿನ ಎದುರಿನ ಟೈಪಿಸ್ಟರ ಬಳಿ ಹೋಗಿ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ ತಂದಿದ್ದೆ: ಸದರಿ ಎರಡೂ ಹೆಸರಿನ ವ್ಯಕ್ತಿ ನಾನೊಬ್ಬಳೇ ಎಂದು ಪ್ರಮಾಣೀಕರಿಸುತ್ತೇನೆ. ಸಲೈನ್ ಸೂಜಿ ಚುಚ್ಚಿದ್ದ ಎಡಗೈಯನ್ನೇ ಅವಳು ಹೆಬ್ಬೆಟ್ಟಿಗೆ ನೀಡಿದಳು.