ತಾಳ್ಮೆಯ ಒರೆಗಲ್ಲು

ಮನುಷ್ಯನು ತಾನು ಪಟ್ಟ ಶ್ರಮದ ಫಲವನ್ನು ಕಣ್ಣಾರೆ ಕಾಣಬಯಸುವುದು ಸಹಜ. ರೈತನಿಗೆ ತೆನೆ ಕಾಣುತ್ತದೆ, ವಿದ್ಯಾರ್ಥಿಗೆ ಅಂಕ ಕಾಣುತ್ತದೆ, ವ್ಯಾಪಾರಿಗೆ ವರ್ಷಾಂತ್ಯದ ಲಾಭನಷ್ಟದ ತಖ್ತೆ ಕಾಣುತ್ತದೆ. ಆದರೆ ಹತ್ತಿಪ್ಪತ್ತು ವರ್ಷ ಪ್ರಾರ್ಥನೆ, ಉಪವಾಸ, ದಾನಧರ್ಮಗಳಲ್ಲಿ ತೊಡಗಿದ ಸಾಧಕನು ತಾನು ನಿಜವಾಗಿಯೂ ಬೆಳೆದಿರುವೆನೋ ಇಲ್ಲವೋ ಎಂಬುದನ್ನು ಯಾವುದರಿಂದ ಅರಿಯಬೇಕು? ಈ ಪ್ರಶ್ನೆ ಒಂದು ಮತಕ್ಕೆ ಮಾತ್ರ ಸೇರಿದ್ದಲ್ಲ. ಕುರುಕ್ಷೇತ್ರದಲ್ಲಿ ಅರ್ಜುನನು ಸ್ಥಿತಪ್ರಜ್ಞನ ಲಕ್ಷಣವನ್ನು ವಿಚಾರಿಸುವಾಗ, ಅಂಥವನು ಹೇಗೆ ಮಾತನಾಡುತ್ತಾನೆ, ಹೇಗೆ ಕುಳಿತುಕೊಳ್ಳುತ್ತಾನೆ, ಹೇಗೆ ನಡೆಯುತ್ತಾನೆ ಎಂದೇ ಕೇಳುತ್ತಾನೆ. ಒಳಗಿನ ಸ್ಥಿತಿಯನ್ನು ಹೊರಗಿನ ನಡೆನುಡಿಯಿಂದ ತಿಳಿಯಬೇಕೆಂಬ ವಿವೇಕವು ಆ ಪ್ರಶ್ನೆಯಲ್ಲಿಯೇ ಅಡಗಿದೆ. ನವರಾತ್ರಿಯ ಒಂಬತ್ತು ದಿನಗಳು ವ್ರತನಿಯಮಗಳ ದಿನಗಳಾಗಿರುವಂತೆ ಆತ್ಮಪರೀಕ್ಷೆಯ ದಿನಗಳೂ ಆಗಿವೆ. ಈ ಪುಣ್ಯಕಾಲದಲ್ಲಿ ಕ್ರೈಸ್ತ ಸಾಧಕರು ಇದೇ ಪ್ರಶ್ನೆಯನ್ನು ಹೇಗೆ ಎದುರಿಸಿದರೆಂಬುದನ್ನು ಪರಿಶೀಲಿಸುವುದು ಅನುಚಿತವಾಗಲಾರದು.

ಕ್ರೈಸ್ತ ಧರ್ಮಗ್ರಂಥದ ಕನ್ನಡ ಅನುವಾದದಲ್ಲಿ ಮತ್ತೆ ಮತ್ತೆ ಎದುರಾಗುವ ಪದ 'ತಾಳ್ಮೆ'. ಗ್ರೀಕ್ ಮೂಲದಲ್ಲಿ ಇದಕ್ಕೆ 'ಹುಪೊಮೊನೆ' ಎಂಬ ಪದವಿದೆ. ಹೊರೆಯ ಕೆಳಗೆ ನಿಂತಿರುವುದು, ಹೊರೆ ಬಿತ್ತೆಂದು ಜಾಗ ಬಿಟ್ಟು ಓಡದಿರುವುದು ಎಂಬುದು ಅದರ ಧಾತ್ವರ್ಥ. ನಮ್ಮ 'ತಾಳು' ಎಂಬ ಧಾತುವಿನಲ್ಲಿಯೂ ಹೊರುವ, ಧರಿಸುವ ಅರ್ಥವಿದೆ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಸಂತ ಪೌಲನು ರೋಮಾಪುರದ ಭಕ್ತರಿಗೆ ಬರೆದ ಪತ್ರದಲ್ಲಿ ಒಂದು ಮೆಟ್ಟಿಲಸಾಲನ್ನು ತೋರಿಸುತ್ತಾನೆ: ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪರೀಕ್ಷೆಗೆ ನಿಂತ ಶೀಲ, ಆ ಶೀಲದಿಂದ ನಿರೀಕ್ಷೆ. ನಡುವಿನ ಮೆಟ್ಟಿಲಿಗೆ ಆತನು ಬಳಸಿದ ಪದವು ಪರೀಕ್ಷೆಯಲ್ಲಿ ತೇರ್ಗಡೆಯಾದ ಗುಣವನ್ನು ಸೂಚಿಸುತ್ತದೆ. ಒರೆಗಲ್ಲಿಗೆ ತಿಕ್ಕಿ ನೋಡಿದ ಚಿನ್ನದಂತೆ. ಚಿನ್ನವು ತನ್ನ ಬೆಲೆಯನ್ನು ತಾನೇ ಹೇಳಿಕೊಳ್ಳುವುದಿಲ್ಲ, ಒರೆಗಲ್ಲು ಹೇಳುತ್ತದೆ. ಹಾಗಾದರೆ ಸಾಧಕನ ಒರೆಗಲ್ಲು ಯಾವುದು?

ಇಲ್ಲಿ ಮೊದಲಿಗೇ ಒಂದು ಅಪಾಯವಿದೆ. ತನ್ನ ವಿನಯವನ್ನು ಅಳೆಯಹೊರಟವನು ಅಳೆಯುವ ಕ್ಷಣದಲ್ಲಿಯೇ ಅದನ್ನು ಕಳೆದುಕೊಳ್ಳಬಹುದು. ಏಸುಸ್ವಾಮಿಯು ಹೇಳಿದ ಫರಿಸಾಯ ಮತ್ತು ಸುಂಕದವನ ಸಾಮತಿಯು ಪ್ರಸಿದ್ಧವಾದದ್ದು. ದೇವಾಲಯದಲ್ಲಿ ನಿಂತ ಫರಿಸಾಯನು ವಾರಕ್ಕೆ ಎರಡು ಉಪವಾಸ, ಆದಾಯದಲ್ಲಿ ಹತ್ತನೆಯ ಒಂದು ಪಾಲು ದಾನ ಎಂದು ಲೆಕ್ಕ ಒಪ್ಪಿಸಿದನು. ಆ ಲೆಕ್ಕದಲ್ಲಿ ಸುಳ್ಳಿರಲಿಲ್ಲ. ದೂರದಲ್ಲಿ ನಿಂತಿದ್ದ ಸುಂಕದವನ ದೋಷಗಳನ್ನು ತನ್ನ ಖಾತೆಯಲ್ಲಿ ಜಮಾ ಎಂದು ಬರೆದುಕೊಂಡದ್ದೇ ಅವನ ತಪ್ಪು. ಪರರ ಸಾಲವು ತನ್ನ ಆಸ್ತಿಯಾಗುವುದು ಯಾವ ಲೆಕ್ಕಶಾಸ್ತ್ರದಲ್ಲಿಯೂ ಸಲ್ಲದು. ತಲೆಯೆತ್ತಲೂ ಅಂಜಿ ಕರುಣೆಯನ್ನು ಮಾತ್ರ ಬೇಡಿದ ಸುಂಕದವನೇ ನೀತಿವಂತನೆನಿಸಿ ಮನೆಗೆ ಹೋದನು.

ಆದರೆ ಈ ಅಪಾಯಕ್ಕೆ ಹೆದರಿ ಆತ್ಮಪರೀಕ್ಷೆಯನ್ನೇ ಕೈಬಿಡುವುದು ಸರಿಯಲ್ಲ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಸಂತ ಇಗ್ನೇಷಿಯಸ್ ಲೊಯೋಲಾ ಇದಕ್ಕೊಂದು ಕ್ರಮವನ್ನೇ ರೂಪಿಸಿದನು. 1548ರಲ್ಲಿ ಮುದ್ರಣಗೊಂಡ ಆತನ ಸಾಧನಾಗ್ರಂಥದಲ್ಲಿ ಒಂದು ಸರಳವಾದ ಪಟ್ಟಿಯಿದೆ. ಸಾಧಕನು ತನ್ನ ಒಂದೇ ಒಂದು ದೋಷವನ್ನು ಆರಿಸಿಕೊಂಡು, ಬೆಳಿಗ್ಗೆ ಏಳುವಾಗ ಅದರ ವಿರುದ್ಧ ಸಂಕಲ್ಪ ಮಾಡಬೇಕು. ಮಧ್ಯಾಹ್ನದ ಮತ್ತು ರಾತ್ರಿಯ ಊಟದ ನಂತರ, ಎಷ್ಟು ಸಲ ಎಡವಿದೆನೆಂದು ಎಣಿಸಿ, ಆ ದಿನದ ಗೆರೆಯ ಮೇಲೆ ಅಷ್ಟು ಚುಕ್ಕೆಗಳನ್ನಿಡಬೇಕು. ಮಧ್ಯಾಹ್ನವನ್ನು ರಾತ್ರಿಯೊಡನೆ, ಇಂದನ್ನು ನಿನ್ನೆಯೊಡನೆ, ಈ ವಾರವನ್ನು ಹಿಂದಿನ ವಾರದೊಡನೆ ಹೋಲಿಸಬೇಕು. ನೆರೆಯವನೊಡನೆ ಹೋಲಿಕೆಗೆ ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ದಿನದ ಸಾಮಾನ್ಯ ಪರೀಕ್ಷೆಯನ್ನಾದರೋ ಆತನು ದೋಷಗಳ ಎಣಿಕೆಯಿಂದ ಆರಂಭಿಸುವುದಿಲ್ಲ. ಪಡೆದ ಉಪಕಾರಗಳಿಗೆ ದೇವರಿಗೆ ಕೃತಜ್ಞತೆ ಸಲ್ಲಿಸುವುದೇ ಮೊದಲ ಹೆಜ್ಜೆ.

ಇಗ್ನೇಷಿಯಸನು ಸ್ಥಾಪಿಸಿದ ಏಸುಸಭೆಯ ಪಾದ್ರಿಗಳು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು. 1880ರಲ್ಲಿ ಅವರು ಆರಂಭಿಸಿದ ಸಂತ ಅಲೋಶಿಯಸ್ ಕಾಲೇಜು ಕರಾವಳಿಯ ಅನೇಕ ತಲೆಮಾರುಗಳಿಗೆ ವಿದ್ಯೆ ನೀಡಿತು. ದೆಹಲಿಯ ರಾಜ್ ನಿವಾಸ್ ಮಾರ್ಗದಲ್ಲಿರುವ ಅವರ ದೇವಶಾಸ್ತ್ರ ವಿದ್ಯಾಲಯ 'ವಿದ್ಯಾಜ್ಯೋತಿ'ಯು 1972ರಲ್ಲಿ ಕರ್ಸಿಯಾಂಗಿನಿಂದ ರಾಜಧಾನಿಗೆ ಬಂದು ನೆಲೆಸಿತು. ಹೀಗೆ ಈ ಸಾಧನಾಕ್ರಮವು ಕನ್ನಡನಾಡಿಗೂ ದೆಹಲಿಗೂ ಹೊರಗಿನದಾಗಿ ಉಳಿದಿಲ್ಲ.

ಚುಕ್ಕೆಗಳ ಪಟ್ಟಿಯಿಂದ ದೋಷಗಳು ಕಡಿಮೆಯಾದದ್ದು ತಿಳಿದೀತು; ಗುಣಗಳು ಬೆಳೆದದ್ದನ್ನು ತಿಳಿಯುವ ಬಗೆ ಹೇಗೆ? ಇದಕ್ಕೆ ಮೂರು ಒರೆಗಲ್ಲುಗಳನ್ನು ಮೂವರು ಸಾಧಕರ ಬಾಳಿನಲ್ಲಿ ಗುರುತಿಸಬಹುದು.

ಮೊದಲನೆಯದು, ಫಲ ಕಾಣದಿದ್ದಾಗಲೂ ಕೆಲಸ ನಡೆಯುತ್ತದೆಯೇ ಎಂಬುದು. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಫರ್ಡಿನೆಂಡ್ ಕಿಟ್ಟೆಲರು ಬಾಸೆಲ್ ಮಿಷನ್ನಿನ ಪ್ರಚಾರಕರಾಗಿ 1853ರಲ್ಲಿ ಕನ್ನಡನಾಡಿಗೆ ಬಂದರು. ಮತಾಂತರದ ಅಂಕಿಸಂಖ್ಯೆಯಿಂದ ಅಳೆದರೆ ಅವರ ಹೆಸರು ಎದ್ದು ಕಾಣುವಂಥದಲ್ಲ. 1862ರಲ್ಲಿ ಅವರು ಕ್ರಿಸ್ತನ ಕಥೆಯನ್ನು 'ಕಥಾಮಾಲೆ' ಎಂಬ ಹೆಸರಿನಲ್ಲಿ ಕನ್ನಡ ಛಂದಸ್ಸಿನಲ್ಲಿಯೇ ಬರೆದರು. 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ'ವನ್ನೂ 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನೂ ಸಂಪಾದಿಸಿ ಪ್ರಕಟಿಸಿದರು. ಎರಡು ದಶಕಗಳಷ್ಟು ಕಾಲ ಚೀಟಿಚೀಟಿಯಾಗಿ ಪದಗಳನ್ನು ಕೂಡಿಹಾಕಿ, 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಮಂಗಳೂರಿನಲ್ಲಿ ಹೊರತಂದರು. ಆಗ ಅವರಿಗೆ 62 ವರ್ಷ. 1903ರಲ್ಲಿ ಕನ್ನಡ ವ್ಯಾಕರಣವನ್ನು ಪ್ರಕಟಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ ತೀರಿಕೊಂಡರು. ಯಾವ ಫಲಕ್ಕಾಗಿ ಅವರನ್ನು ಕಳುಹಿಸಲಾಗಿತ್ತೋ ಅದು ಒಂದು. ಅವರ ಕೈಯಿಂದ ಬೆಳೆದದ್ದು ಇನ್ನೊಂದು. ಇಂದು ಪದದ ಅರ್ಥಕ್ಕಾಗಿ ಆ ನಿಘಂಟನ್ನು ತೆರೆಯುವವರಲ್ಲಿ ಎಲ್ಲ ಮತದವರೂ ಇದ್ದಾರೆ. ಬಯಸಿದ ಫಲ ಬಾರದಿದ್ದರೆ ಸಾಧನೆಯೇ ವಿಫಲವೆಂದು ತೀರ್ಮಾನಿಸುವವನು ಕಿಟ್ಟೆಲರ ಮೇಜಿನ ಮೇಲಿನ ಚೀಟಿಗಳನ್ನು ನೆನೆಯಬೇಕು.

ಎರಡನೆಯ ಒರೆಗಲ್ಲು, ಸಾಧಕನು ಇನ್ನೊಬ್ಬನಿಗೆ ಎಡೆ ಮಾಡಿಕೊಡಬಲ್ಲನೇ ಎಂಬುದು. ಇದಕ್ಕೆ ನಿದರ್ಶನವನ್ನು ದೆಹಲಿಯ ಕಾಶ್ಮೀರಿ ಗೇಟಿನಲ್ಲಿಯೇ ಕಾಣಬಹುದು. ಅಲ್ಲಿ ಆಗ ಇದ್ದ ಸೇಂಟ್ ಸ್ಟೀಫನ್ಸ್ ಕಾಲೇಜಿಗೆ 1904ರಲ್ಲಿ ಸಿ. ಎಫ್. ಆಂಡ್ರೂಸರು ಅಧ್ಯಾಪಕರಾಗಿ ಬಂದರು. 1906ರಲ್ಲಿ ಪ್ರಾಂಶುಪಾಲರ ಹುದ್ದೆ ತೆರವಾಯಿತು. ಆ ಕಾಲದಲ್ಲಿ ಅಂಥ ಹುದ್ದೆ ಆಂಗ್ಲರದೇ ಎಂಬುದು ವಾಡಿಕೆ. ಆದರೆ ಆಂಡ್ರೂಸರು, ಕಾಲೇಜಿನಲ್ಲಿ ಬಹುಕಾಲ ದುಡಿದಿದ್ದ ಭಾರತೀಯ ಕ್ರೈಸ್ತ ಸುಶೀಲ್ ಕುಮಾರ್ ರುದ್ರರೇ ಅದಕ್ಕೆ ಅರ್ಹರೆಂದು ದೃಢವಾಗಿ ನಿಂತರು. ರುದ್ರರು ಆ ಕಾಲೇಜಿನ ಮೊದಲ ಭಾರತೀಯ ಪ್ರಾಂಶುಪಾಲರಾಗಿ 1923ರವರೆಗೆ ದುಡಿದರು. ಮಹಾತ್ಮ ಗಾಂಧಿಯವರು ದೆಹಲಿಗೆ ಬಂದಾಗ ತಂಗುತ್ತಿದ್ದುದು ಇದೇ ರುದ್ರರ ಮನೆಯಲ್ಲಿ. ಇನ್ನೊಬ್ಬರ ಕೈಕೆಳಗೆ ಸಂತೋಷದಿಂದ ದುಡಿಯುವುದು ಎಷ್ಟು ಕಠಿಣವಾದ ತಪಸ್ಸೆಂಬುದನ್ನು ಕಛೇರಿಗಳಲ್ಲಿ ಕೆಲಸ ಮಾಡುವವರಿಗೆ ವಿವರಿಸಬೇಕಾಗಿಲ್ಲ. ಕಿರಿಯನಿಗೆ ಬಡ್ತಿ ದೊರೆತ ದಿನ ಮನಸ್ಸು ಏನು ಹೇಳುತ್ತದೆಂಬುದನ್ನು ಕೇಳಿಸಿಕೊಂಡರೆ, ಬಹುವರ್ಷಗಳ ಪ್ರಾರ್ಥನೆ ಎಷ್ಟು ಆಳಕ್ಕೆ ಇಳಿದಿದೆಯೆಂಬುದು ತಿಳಿದುಹೋಗುತ್ತದೆ.

ಆಂಡ್ರೂಸರ ಬಾಳು ಇನ್ನೊಂದು ತಪ್ಪು ತಿಳುವಳಿಕೆಯನ್ನೂ ನಿವಾರಿಸುತ್ತದೆ. ತಾಳ್ಮೆಯೆಂದರೆ ಅನ್ಯಾಯಕ್ಕೆ ತಲೆಬಾಗಿ ಸುಮ್ಮನಿರುವುದೆಂದು ಕೆಲವರು ಭಾವಿಸುತ್ತಾರೆ. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣಿಗೂ ಕೂಲಿ ಸಿಗದ ಆಳಿಗೂ ತಾಳ್ಮೆಯನ್ನು ಬೋಧಿಸುವ ಉಪದೇಶಕರು ಎಲ್ಲ ಮತಗಳಲ್ಲಿಯೂ ಇದ್ದಾರೆ. ಅದು ಧರ್ಮವಲ್ಲ. ಫಿಜಿ ದ್ವೀಪಗಳಲ್ಲಿ ಭಾರತೀಯ ಕರಾರು ಕೂಲಿಗಳು ಪಡುತ್ತಿದ್ದ ಪಾಡನ್ನು ನೋಡಲು ಆಂಡ್ರೂಸರು 1915ರಲ್ಲಿ ಅಲ್ಲಿಗೆ ಪಯಣಿಸಿದರು. ಆ ಪದ್ಧತಿಯ ವಿರುದ್ಧ ಬರೆದರು, ವಾದಿಸಿದರು. 1920ರ ಆರಂಭದಲ್ಲಿ ಫಿಜಿಯಲ್ಲಿ ಉಳಿದಿದ್ದ ಕರಾರುಗಳೆಲ್ಲವೂ ರದ್ದಾದವು. ತನ್ನ ಮೇಲೆ ಬಿದ್ದ ಕಷ್ಟವನ್ನು ಕಹಿಯಿಲ್ಲದೆ ಹೊರುವುದು ತಾಳ್ಮೆ. ಇತರರ ಮೇಲಿನ ಹೊರೆಯನ್ನು ಇಳಿಸಲು ದಣಿಯದೆ ಓಡಾಡುವುದೂ ತಾಳ್ಮೆಯೇ.

ಮೂರನೆಯ ಒರೆಗಲ್ಲು ಎಲ್ಲಕ್ಕಿಂತ ಕಠಿಣವಾದದ್ದು: ಭಕ್ತಿಯ ರಸವೇ ಬತ್ತಿಹೋದಾಗ ಸಾಧಕನು ಏನು ಮಾಡುತ್ತಾನೆ? 1950ರಲ್ಲಿ ಕೋಲ್ಕತ್ತದಲ್ಲಿ ತಮ್ಮ ಸೇವಾಸಂಘವನ್ನು ಸ್ಥಾಪಿಸಿದ ಮದರ್ ತೆರೇಸಾ ಅವರು 1997ರಲ್ಲಿ ನಿಧನರಾದರು. ಅವರ ಖಾಸಗಿ ಪತ್ರಗಳು 2007ರಲ್ಲಿ ಪುಸ್ತಕರೂಪದಲ್ಲಿ ಬೆಳಕು ಕಂಡಾಗ ಜಗತ್ತು ಬೆರಗಾಯಿತು. ಲಕ್ಷಾಂತರ ಜನರಿಗೆ ದೇವರ ಪ್ರೀತಿಯ ಸಾಕ್ಷಿಯಾಗಿದ್ದ ಆ ತಾಯಿಗೆ ಅರ್ಧ ಶತಮಾನದಷ್ಟು ಕಾಲ ಪ್ರಾರ್ಥನೆಯಲ್ಲಿ ದೇವರ ಸಾನ್ನಿಧ್ಯದ ಅನುಭವವೇ ಇರಲಿಲ್ಲ. ಒಳಗೆ ಕತ್ತಲೆ, ಹೊರಗೆ ಮುಗುಳುನಗೆ. ಅದನ್ನು ಕಪಟವೆಂದು ಕರೆದವರೂ ಉಂಟು. ಆದರೆ ಕಪಟಿಯು ಲಾಭವಿಲ್ಲದ ಕಡೆ ಐವತ್ತು ವರ್ಷ ನಿಲ್ಲಲಾರನು. ಅವರು ತಮ್ಮ ಭಾವನೆಯನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದರೆ, ತಾವು ಬೆಳೆಯಲಿಲ್ಲ, ಕುಸಿದೆವು ಎಂದೇ ತೀರ್ಮಾನಿಸಬೇಕಾಗುತ್ತಿತ್ತು. ಅವರು ಬೆಳಗಿನ ಜಾವ ಎದ್ದು ಪ್ರಾರ್ಥನೆಗೆ ಕುಳಿತರು, ಆಮೇಲೆ ರೋಗಿಗಳ ಬಳಿಗೆ ನಡೆದರು. ಇಗ್ನೇಷಿಯಸನ ಒಂದು ನಿಯಮವೂ ಇದನ್ನೇ ಹೇಳುತ್ತದೆ: ಮನಸ್ಸು ಬರಡಾದ ಕಾಲದಲ್ಲಿ ಹಿಂದೆ ಮಾಡಿದ ಸತ್ಸಂಕಲ್ಪವನ್ನು ಬದಲಿಸಕೂಡದು.

ಈ ಮಹಾತ್ಮರ ಉದಾಹರಣೆಗಳು ಸಾಮಾನ್ಯ ಗೃಹಸ್ಥನಿಗೆ ದೂರದವೆಂದು ತೋರಬಹುದು. ರಾಜಧಾನಿಯಲ್ಲಿ ನೆಲೆಸಿದ ಕನ್ನಡನಾಡಿನ ಕ್ರೈಸ್ತ ಕುಟುಂಬವೊಂದನ್ನು ಊಹಿಸಿಕೊಳ್ಳೋಣ. ಮನೆಮಾತು ಕೊಂಕಣಿ, ಶಾಲೆಯಲ್ಲಿ ಕಲಿತದ್ದು ಕನ್ನಡ, ಭಾನುವಾರದ ಪೂಜೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ. ನೋಯ್ಡಾದಿಂದಲೋ ಗುರುಗ್ರಾಮದಿಂದಲೋ ದಿನನಿತ್ಯದ ದೀರ್ಘ ಪ್ರಯಾಣ. ಊರಿನಲ್ಲಿ ಹಾಸಿಗೆ ಹಿಡಿದ ತಂದೆ. ಮಕ್ಕಳಿಗೆ ಅಜ್ಜಿಯ ಪ್ರಾರ್ಥನೆಯ ಭಾಷೆಯೇ ಅಪರಿಚಿತ. ಇಂಥ ಬಾಳಿನಲ್ಲಿ ತಾಳ್ಮೆಯು ದೊಡ್ಡ ಸಂಕಲ್ಪಗಳಿಂದ ಬೆಳೆಯುವುದಿಲ್ಲ, ಚಿಕ್ಕದಾದ, ತಪ್ಪದ ನೇಮಗಳಿಂದ ಬೆಳೆಯುತ್ತದೆ. ನಿಗದಿತ ವೇಳೆಗೆ ಹತ್ತು ನಿಮಿಷದ ಮೌನ, ಮಲಗುವ ಮುನ್ನ ಒಬ್ಬರನ್ನಾದರೂ ಕ್ಷಮಿಸುವುದು, ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿರುವ ಯಾರನ್ನಾದರೂ ನೋಡಿಬರುವುದು: ಇಷ್ಟನ್ನು ಬಿಡದೆ ನಡೆಸಿದವನಿಗೆ ದೊಡ್ಡ ಕಷ್ಟ ಬಂದಾಗ ಹೊಸದಾಗಿ ಬಲವನ್ನು ಹುಡುಕಬೇಕಾಗುವುದಿಲ್ಲ. ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲು ಒಂಬತ್ತು ದಿನ ಮಕ್ಕಳ ಕೈಯಿಂದ ಬಾಲೆ ಮರಿಯಮ್ಮನಿಗೆ ಹೂ ಅರ್ಪಿಸುವರು. ಹಬ್ಬದ ದಿನ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತರುವರು. ನವರಾತ್ರಿಯನ್ನು ಬಲ್ಲವರಿಗೆ ಈ ಒಂಬತ್ತರ ಶಿಸ್ತು ಹೊಸದಲ್ಲ. ದಿನದಿನದ ಹೂವೇ ಮಗುವಿಗೆ ನೇಮವನ್ನು ಕಲಿಸುತ್ತದೆ.

ಇಷ್ಟಾದರೂ ಪ್ರತಿಯೊಂದು ಲೆಕ್ಕವೂ ತಾಳೆಯಾಗುವುದಿಲ್ಲ. ಬ್ಯಾಂಕಿನಲ್ಲಿ ಕೂಡಲೇ ನೆಲೆ ಗೊತ್ತಾಗದ ಮೊತ್ತವನ್ನು ಸಸ್ಪೆನ್ಸ್ ಖಾತೆಯಲ್ಲಿಡುತ್ತಾರೆ. ಸರಿಯಾದ ವಿವರ ದೊರೆಯುವವರೆಗೆ ಅದು ಅಲ್ಲಿಯೇ ಇರುತ್ತದೆ. ಉತ್ತರ ಬಾರದ ಪ್ರಾರ್ಥನೆ, ಕಾರಣ ತಿಳಿಯದ ಮರಣ, ಕೈಗೂಡದ ಸಂಕಲ್ಪಗಳನ್ನು ಸಾಧಕನೂ ಹಾಗೆಯೇ ಭಗವಂತನ ವಶಕ್ಕೆ ಬಿಡಬೇಕಾಗುತ್ತದೆ. ಬಿತ್ತಿದವನು ರಾತ್ರಿ ಮಲಗಿ ಹಗಲು ಏಳುತ್ತಿರಲು, ಬೀಜವು ಅವನಿಗೆ ತಿಳಿಯದ ರೀತಿಯಲ್ಲಿಯೇ ಮೊಳೆತು ಬೆಳೆಯುತ್ತದೆಂದು ಏಸುಸ್ವಾಮಿಯ ಇನ್ನೊಂದು ಸಾಮತಿಯು ತಿಳಿಸುತ್ತದೆ. ಮೊಳಕೆ ಬಂದಿದೆಯೇ ಎಂದು ದಿನವೂ ಮಣ್ಣು ಕೆದಕುವವನ ಹೊಲದಲ್ಲಿ ಬೆಳೆ ಬಾರದು.

ಸಂತ ಪೌಲನು ಎಣಿಸಿದ ಆತ್ಮದ ಫಲಗಳಲ್ಲಿ ಪ್ರೀತಿ, ದಯೆ, ಸೌಮ್ಯತೆ, ದೀರ್ಘಶಾಂತಿಗಳು ಸೇರಿವೆ. ಇವುಗಳ ರುಚಿಯು ಮರಕ್ಕೆ ತಿಳಿಯುವುದಿಲ್ಲ, ತಿಂದವರಿಗೆ ತಿಳಿಯುತ್ತದೆ. ಆದುದರಿಂದ ತನ್ನ ಬೆಳವಣಿಗೆಯನ್ನು ಅರಿಯಬಯಸುವವನು ತನ್ನ ಮನೆಯವರನ್ನೂ, ತನ್ನ ಕೈಕೆಳಗೆ ದುಡಿಯುವವರನ್ನೂ ಕೇಳಲು ಅಂಜಬಾರದು. ಕಳೆದ ವರ್ಷಕ್ಕಿಂತ ಈ ವರ್ಷ ತನ್ನೊಡನೆ ಬಾಳುವುದು ಸುಲಭವಾಗಿದೆಯೇ? ಸಿಟ್ಟು ಬಂದ ಮೇಲೆ ಮತ್ತೆ ಮಾತನಾಡಲು ತಾನು ತೆಗೆದುಕೊಳ್ಳುವ ದಿನಗಳು ಕಡಿಮೆಯಾಗಿವೆಯೇ? ಆಯುಧಪೂಜೆಯ ದಿನ ಕೈದುಡಿಮೆಯ ಸಾಧನಗಳನ್ನೆಲ್ಲ ತೊಳೆದು ಒರೆಸಿಟ್ಟಾದ ಮೇಲೆ ಈ ಎರಡು ಪ್ರಶ್ನೆಗಳನ್ನು ಹೆಂಡತಿಯ ಅಥವಾ ಗಂಡನ ಮುಂದಿಟ್ಟು, ಬರುವ ಉತ್ತರವನ್ನು ಪ್ರತ್ಯುತ್ತರವಿಲ್ಲದೆ ಕೇಳಿಸಿಕೊಳ್ಳುವುದು ಯಾವ ಮತದ ಸಾಧಕನಿಗೂ ಸಾಧ್ಯವಾದದ್ದು. ಹಾಗೆ ಕೇಳಿಸಿಕೊಳ್ಳುವುದೇ ಆ ದಿನದ ಮೊದಲ ತಾಳ್ಮೆ.