ಸೇವೆ ಯಾರದು, ಉಣ್ಣುವವರು ಯಾರು?

ಇಂಗ್ಲಿಷಿನಲ್ಲಿ 'ಸರ್ವ್' ಎಂಬುದೊಂದು ಕ್ರಿಯಾಪದವಿದೆ. 'ಸೇವೆ ಮಾಡು' ಎಂದು ಅದಕ್ಕೊಂದು ಅರ್ಥ ಕೊಟ್ಟು ನಮ್ಮ ಶಾಲೆಗಳು ಮುಂದಿನ ಪಾಠಕ್ಕೆ ಹೋಗಿಬಿಡುತ್ತವೆ. ಆದರೆ ಈ ಪದ ಅಷ್ಟಕ್ಕೆ ಮುಗಿಯುವಂಥದಲ್ಲ. ಆಳು ದುಡಿಯುವುದೂ ಸರ್ವ್, ಊಟ ಬಡಿಸುವುದೂ ಸರ್ವ್, ದಂಡಿನಲ್ಲಿರುವುದೂ ಸರ್ವ್, ಜೈಲುಶಿಕ್ಷೆ ಅನುಭವಿಸುವುದೂ ಸರ್ವ್, ಕೋರ್ಟಿನ ನೋಟೀಸು ಮುಟ್ಟಿಸುವುದೂ ಸರ್ವ್. ಇದರ ಬೇರು ಲ್ಯಾಟಿನ್ ಭಾಷೆಯ 'ಸೆರ್ವುಸ್'. ಹಾಗೆಂದರೆ ಗುಲಾಮ. ಕಲೆಕ್ಟರ್ ಸಾಹೇಬರ 'ಸಿವಿಲ್ ಸರ್ವಿಸ್'ನ ಬುಡದಲ್ಲೂ ಒಬ್ಬ ಗುಲಾಮ ಕೂತಿದ್ದಾನೆ. ಸಾಹೇಬರಿಗೆ ಇದು ಗೊತ್ತಾದರೂ ನಿದ್ದೆಗೆಡುವುದಿಲ್ಲ. ಅವರ ಸೇವೆಗೆ ಜೀಪು ಇದೆ, ಪಗಾರ ಇದೆ, ಪಿಂಚಣಿ ಇದೆ.

ಒಂದೇ ಪದ ಒಬ್ಬನಿಗೆ ಪೇಟ, ಇನ್ನೊಬ್ಬನಿಗೆ ನೊಗ ಆಗುವುದು ಹೇಗೆ? ನಾವು ಕೇಳಬೇಕಾದ ಪ್ರಶ್ನೆ ಇದು.

ನಮ್ಮ ಕನ್ನಡವನ್ನೇ ನೋಡೋಣ. ಊಳಿಗ, ಚಾಕರಿ, ನೌಕರಿ, ಜೀತ, ಬಿಟ್ಟಿ, ಸೇವೆ. ಪದಕೋಶದಲ್ಲಿ ಇವು ಅಣ್ಣತಮ್ಮಂದಿರ ಹಾಗೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಊರಿನಲ್ಲಿ ಹಾಗೆ ನಿಲ್ಲುವುದಿಲ್ಲ. ಚಾಕರಿ, ನೌಕರಿ ಎರಡೂ ಪಾರ್ಸಿಯಿಂದ ಬಂದ ಪದಗಳು. ಎರಡರ ಮೂಲದಲ್ಲೂ ಇರುವವನು ಆಳೇ. ಆದರೆ 'ಹುಡುಗಗ ನೌಕರಿ ಐತಿ' ಅಂದರೆ ಹೆಣ್ಣು ಕೊಡುತ್ತಾರೆ, 'ಚಾಕರಿ ಮಾಡ್ತಾನ' ಅಂದರೆ ಮುಖ ತಿರುಗಿಸುತ್ತಾರೆ. ಜೀತ ಎಂಬುದು 'ಜೀವಿತ'ದಿಂದ ಬಂದದ್ದು; ಹಿಂದೆ ಅದಕ್ಕೆ ಸಂಬಳ, ಬದುಕಿಗೆ ಆಧಾರ ಎಂಬ ಅರ್ಥವಿತ್ತು. ಬದುಕು ಕೊಡಬೇಕಾದ ಪದವೇ ಬದುಕು ತಿನ್ನುವ ಪದವಾಯಿತು. ಪದಗಳು ತಾವಾಗಿ ಕೆಡುವುದಿಲ್ಲ. ಗೌಡರ ಲೆಕ್ಕದ ಪುಸ್ತಕದಲ್ಲಿ ಕೆಡುತ್ತವೆ.

ಇನ್ನೊಂದು ಸೋಜಿಗ ಇದೆ. ಕನ್ನಡದಲ್ಲಿ 'ಸೇವೆ ಮಾಡು' ಅಂದರೆ ಇನ್ನೊಬ್ಬರಿಗೆ ದುಡಿ. 'ಸೇವಿಸು' ಅಂದರೆ ತಿನ್ನು, ಕುಡಿ. ಔಷಧ ಸೇವಿಸುತ್ತಾರೆ, ಮದ್ಯ ಸೇವಿಸುತ್ತಾರೆ, ಉಪಾಹಾರ ಸೇವಿಸುತ್ತಾರೆ. ಬೇರು ಒಂದೇ. ಒಂದು ಕೊಂಬೆಯಲ್ಲಿ ದುಡಿಯುವವನು, ಇನ್ನೊಂದು ಕೊಂಬೆಯಲ್ಲಿ ಉಣ್ಣುವವನು. ಈ ದೇಶದಲ್ಲಿ ಒಬ್ಬರು ಸೇವೆ ಮಾಡಿದ್ದಾರೆ, ಇನ್ನೊಬ್ಬರು ಅದನ್ನು ಸೇವಿಸಿದ್ದಾರೆ. ಪಂಡಿತರು ಮುಚ್ಚಿಟ್ಟ ಸತ್ಯವನ್ನು ವ್ಯಾಕರಣ ಹೊರಗೆ ಹಾಕಿದೆ.

ಊಟದ ಪಂಕ್ತಿಗೆ ಬನ್ನಿ. ನಮ್ಮ ವಿಜಯಪುರ ಸೀಮೆಯಲ್ಲಿ ಬಡಿಸುವುದಕ್ಕೆ 'ನೀಡು' ಅನ್ನುತ್ತಾರೆ. 'ಇನ್ನೊಂದೀಟು ಸಾರು ನೀಡ್ರಿ.' ನೀಡು ಅಂದರೆ ಕೈ ಚಾಚು ಎಂದೂ ಅರ್ಥ. ಕೈ ಮುಂದೆ ಬರಬೇಕು, ತಾಟಿನ ಹತ್ತಿರ ಬರಬೇಕು, ಆಗ ಅದು ನೀಡುವುದು. ಆದರೆ ನಮ್ಮ ಕೇರಿಯವರಿಗೆ ನೀಡಲಿಲ್ಲ, ಮೇಲಿನಿಂದ 'ಹಾಕಿದರು'. ನೀರು ಕೊಡಲಿಲ್ಲ, ಬೊಗಸೆಗೆ 'ಎತ್ತಿ ಹೊಯ್ದರು'. ಇಂಗ್ಲಿಷಿನವನು ಇದೆಲ್ಲಕ್ಕೂ 'ಸರ್ವ್' ಅಂದಾನು. ಕೈಗೂ ಬೊಗಸೆಗೂ ನಡುವೆ ಉಳಿದ ಅಂತರಕ್ಕೆ ಅವನ ಕೋಶದಲ್ಲಿ ಪದವಿಲ್ಲ. ನಮ್ಮ ಅವ್ವಂದಿರಿಗೆ ಆ ಅಂತರದ ಅಳತೆ ಗೊತ್ತು.

ಇದು ಬರೀ ರೂಢಿಯಲ್ಲ, ಕಾಯಿದೆಯೂ ಆಗಿತ್ತು. 1956ರ ತನಕ ಈ ಜಿಲ್ಲೆ ಮುಂಬಯಿಗೆ ಸೇರಿತ್ತು. ಮುಂಬಯಿ ಸರ್ಕಾರದ 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ ಊರಿನ ಚಾಕರಿಯನ್ನು ವತನ ಎಂದು ಕರೆಯಿತು. ಒಂದು ತುಂಡು ಹೊಲ, ಮನೆಮನೆಯಿಂದ ಒಂದಿಷ್ಟು ಕಾಳು. ಅದಕ್ಕೆ ಪ್ರತಿಯಾಗಿ ಹಗಲು ರಾತ್ರಿ ಎನ್ನದೆ ಓಡಬೇಕು. ವತನದಾರ ಊರಲ್ಲಿಲ್ಲದಿದ್ದರೆ ಅವನ ಮನೆಯವರು ಓಡಬೇಕು. ಬಾಬಾಸಾಹೇಬ ಅಂಬೇಡ್ಕರರು 1928ರಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಈ ಕಾಯಿದೆಗೆ ತಿದ್ದುಪಡಿ ತರಲು ಮಸೂದೆ ಮಂಡಿಸಿದರು. ಅದು ಕಾಯಿದೆಯಾಗಲಿಲ್ಲ. ಮುಂದೆ ಸಂವಿಧಾನದ 23ನೆಯ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸಿತು. ಮೈಸೂರು ರಾಜ್ಯದ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ ವಂಶದ ಚಾಕರಿಯನ್ನು ತೆಗೆಯಿತು. 1976ರ ಕಾಯಿದೆ ಜೀತವನ್ನು ತೆಗೆಯಿತು. ಕಾಗದದ ಮೇಲೆ ನಾವು ಬಿಡುಗಡೆಯಾದೆವು.

ಆದರೆ 'ಸೇವೆ' ಉಳಿಯಿತು. ಅದಕ್ಕೆ ದೇವರ ಹೆಸರಿತ್ತು. ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿ ಮಾಡುವುದು ಸೇವೆ ಎನಿಸಿತು. ಅದನ್ನು ತಡೆಯಲು ಕರ್ನಾಟಕ 1982ರಲ್ಲಿ ಕಾಯಿದೆ ಮಾಡಬೇಕಾಯಿತು. ಚಂದ್ರಗುತ್ತಿಯಲ್ಲಿ ನಡೆಯುತ್ತಿದ್ದದ್ದರ ಹೆಸರೇ 'ಬೆತ್ತಲೆ ಸೇವೆ'. 1986ರಲ್ಲಿ ದಲಿತ ಸಂಘರ್ಷ ಸಮಿತಿಯ ಗೆಳೆಯರು ಅದು ಬೇಡವೆಂದು ಹೋದಾಗ ಅವರ ಮೇಲೆ ಹಲ್ಲೆ ನಡೆಯಿತು. ಬೆತ್ತಲೆ ಎಂಬ ಪದಕ್ಕೆ ನಾಚುವವರು ಕೂಡ ಅದರ ಪಕ್ಕದ 'ಸೇವೆ'ಗೆ ಕೈಮುಗಿದರು. ಒಂದು ಪದ ಎಷ್ಟು ಅನ್ಯಾಯವನ್ನು ಹೊದಿಸಬಲ್ಲದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಾಗಾದರೆ ಸೇವೆ ಎಂಬ ಪದವನ್ನೇ ಸುಟ್ಟುಬಿಡೋಣವೆ? ಇಲ್ಲಿ ನಾವು ಬಸವನ ಬಾಗೇವಾಡಿ ಪಕ್ಕದ ಇಂಗಳೇಶ್ವರದಲ್ಲಿ ಸ್ವಲ್ಪ ನಿಲ್ಲಬೇಕು. ಇದು ಬಸವಣ್ಣನ ತಾಯಿಯ ತವರು, ಅವನು ಹುಟ್ಟಿದ್ದೂ ಇಲ್ಲೇ ಎಂದು ಊರವರು ಹೇಳುತ್ತಾರೆ. ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿದ ಮಂಟಪವೂ ಇಲ್ಲಿದೆ. ಆ ಶರಣರು ಒಂದು ಪದ ಬಳಸಿದರು: ದಾಸೋಹ. 'ನಾನು ದಾಸ' ಎಂಬುದೇ ಅದರ ಅರ್ಥ. ದಾಸ ಅಂದರೂ ಆಳೇ, ಲ್ಯಾಟಿನ್ನಿನವನ 'ಸೆರ್ವುಸ್' ಇದ್ದಂತೆಯೇ. ಆದರೆ ಕಲ್ಯಾಣದಲ್ಲಿ ಈ ಮಾತನ್ನು ಆಡಿದವನು ಯಾರು? ಬಿಜ್ಜಳನ ಭಂಡಾರಿ. ನೀಡುವವನು ದಾಸ, ಉಣ್ಣುವವನು ಒಡೆಯ ಎಂದಾಯಿತು. ಮೇಲಿದ್ದವನು ತಾನೇ ಕೆಳಗಿಳಿದು ಮಾದಾರ ಚೆನ್ನಯ್ಯನ ಬಳಗ ನಾನು ಅಂದ. ಜೊತೆಗೆ ಕಾಯಕ ಎಂಬ ಷರತ್ತು ಇತ್ತು: ಯಾರೂ ಕೂತು ಉಣ್ಣುವ ಹಾಗಿಲ್ಲ. ಪದದ ಬೇರು ಅದೇ ಉಳಿಯಿತು, ದಿಕ್ಕು ಬದಲಾಯಿತು.

ಆ ದಿಕ್ಕು ಬಹಳ ಕಾಲ ಉಳಿಯಲಿಲ್ಲ ಎಂಬುದೂ ನಮಗೆ ಗೊತ್ತು. ಕಲ್ಲಿನಲ್ಲಿ ಕೆತ್ತಿದ ಮಾತು ಕೇರಿಯ ಬಾವಿಕಟ್ಟೆಗೆ ಬರಲು ಇನ್ನೂ ನಡೆಯುತ್ತಲೇ ಇದೆ. ಆದರೂ ಒಂದು ಅಳತೆಗೋಲು ಸಿಕ್ಕಿತು. ತಾಯಿ ಕೂಸಿಗೆ ಉಣಿಸುವುದು, ನೆರೆಯವಳು ಬಾಣಂತನ ಮಾಡುವುದು, ಗೆಳೆಯ ಗೆಳೆಯನ ಹೆಣ ಹೊರುವುದು, ಇವಕ್ಕೆ ಕೂಲಿ ಕಟ್ಟಲಾಗದು. ಇವಿಲ್ಲದ ಊರು ಊರೇ ಅಲ್ಲ. ಹಾಗಾಗಿ ಹಣ ಕೊಟ್ಟರೇ, ಬಿಟ್ಟರೇ ಎಂಬುದರಿಂದ ಮಾತ್ರ ಸೇವೆಯನ್ನು ಅಳೆಯಲು ಬರುವುದಿಲ್ಲ. ಮೂರು ಪ್ರಶ್ನೆ ಕೇಳಬೇಕು. ಮಾಡುವವನು 'ಒಲ್ಲೆ' ಅನ್ನಬಲ್ಲನೇ? ಇವತ್ತು ನೀಡಿದವಳು ನಾಳೆ ಅದೇ ಪಂಕ್ತಿಯಲ್ಲಿ ಕೂತು ನೀಡಿಸಿಕೊಳ್ಳಬಲ್ಲಳೇ? ಅವಳ ಮಗಳು ಬೇರೆ ಕೆಲಸ ಆರಿಸಬಲ್ಲಳೇ? ಮೂರಕ್ಕೂ ಹೌದು ಎಂದರೆ ಅದು ಸೇವೆ. ಒಂದಕ್ಕೆ ಇಲ್ಲ ಎಂದರೂ ಅದು ಬಿಟ್ಟಿ, ಹೂಮಾಲೆ ಹಾಕಿದರೂ ಬಿಟ್ಟಿಯೇ.

ಈ ಗೋಲು ಹಿಡಿದು ಸರ್ಕಾರದ ಮನೆಗೂ ಹೋಗೋಣ. 2002ರಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಶುರುವಾದ ಶಾಲೆಯ ಬಿಸಿಯೂಟಕ್ಕೆ 'ಅಕ್ಷರ ದಾಸೋಹ' ಎಂದು ಹೆಸರಿಟ್ಟರು. ಹೆಸರು ಚೆಂದ. ಅಡುಗೆ ಮಾಡುವ ಅಕ್ಕಂದಿರಿಗೆ ಸಿಗುವುದು ಮಾತ್ರ ಪಗಾರವಲ್ಲ, 'ಗೌರವಧನ'. 1975ರಲ್ಲಿ ಆರಂಭವಾದ ಅಂಗನವಾಡಿಯವರಿಗೂ ಅದೇ. ಸೇವೆ ಎಂದು ಕರೆದರೆ ಕೂಲಿಯ ಲೆಕ್ಕ ತಪ್ಪುತ್ತದೆ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿಯವರ ಗೌರವಧನವೂ ವೇತನವೇ, ಅವರಿಗೆ ಗ್ರ್ಯಾಚುಟಿ ಕೊಡಬೇಕು ಎಂದು ತೀರ್ಪಿತ್ತಿತು. ಅದೇ ಕೋರ್ಟು 2004ರಲ್ಲಿ ಬಿಸಿಯೂಟದ ಅಡುಗೆಯವರನ್ನು ನೇಮಿಸುವಾಗ ದಲಿತರಿಗೆ ಆದ್ಯತೆ ಕೊಡಬೇಕು ಎಂದಿತ್ತು. ಆದರೂ ದಲಿತ ಹೆಣ್ಣುಮಗಳು ಸೌಟು ಹಿಡಿದಳೆಂದು ಮಕ್ಕಳನ್ನು ಊಟಕ್ಕೆ ಕಳಿಸದ ಸುದ್ದಿಗಳು ಬರುತ್ತಲೇ ಇವೆ. ನೋಡಿ, ಎಂಥಾ ವಿಚಿತ್ರ: ನೂರಾರು ವರ್ಷ ನಮ್ಮ ಸೇವೆಯನ್ನು ಸೇವಿಸಿದವರು ನಾವು ನೀಡಿದ ಅನ್ನವನ್ನು ಮಾತ್ರ ಸೇವಿಸಲಾರರು! ಹೊಲ ಉಳುವಾಗ, ಚರಂಡಿ ಬಳಿಯುವಾಗ ಅಂಟದ ಮೈಲಿಗೆ ಸೌಟಿಗೆ ಅಂಟಿತು. ಯಾಕಂದರೆ ಸೌಟು ಹಿಡಿದ ಕೈ ಹತ್ತಿರ ಬರುತ್ತದೆ, ಸಮನಾಗಿ ಚಾಚುತ್ತದೆ.

ಹೋರಾಟದ ಗೆಳೆಯರೂ ಈ ಗೋಲನ್ನು ತಮ್ಮ ಸಭೆಗೆ ಹಿಡಿದು ನೋಡಲಿ. ಭಾಷಣ ಯಾರದು, ಜಮಖಾನ ಹಾಸುವವರು ಯಾರು, ಚಾ ಕಾಸಿ ಲೋಟ ತೊಳೆಯುವ ತಂಗಿಯ ಹೆಸರು ಕರಪತ್ರದಲ್ಲಿದೆಯೇ? ಸರದಿ ತಿರುಗುತ್ತಿದ್ದರೆ ಅದು ದಾಸೋಹ. ಸರದಿ ಒಬ್ಬರ ಹತ್ತಿರವೇ ನಿಂತರೆ ಗೌಡರ ಮನೆ ಬೇರೆ ಹೆಸರಿನಲ್ಲಿ ಎದ್ದು ನಿಂತಿದೆ ಎಂದು ತಿಳಿಯಬೇಕು.