ರುಚಿಗೊಂದು ಚಿಟಿಕೆ

ಉಪಕಾರವೆಂದು ಮಾಡಿದ ಕೆಲಸ ಕೆಲವು ವೇಳೆ ಅಪರಾಧದ ಮುಖ ಹೊತ್ತು ಎದುರಿಗೆ ಬಂದು ನಿಲ್ಲುವುದುಂಟು. ನನಗೆ ಹಾಗಾದದ್ದು ಚಟ್ನಿಪುಡಿಯ ದೆಸೆಯಿಂದ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸ ಸಿಗದೆ, ತಾಯಿಯೊಡನೆ ಸೇರಿ ಮನೆಯಲ್ಲೇ ಚಟ್ನಿಪುಡಿ ಮಾಡಿ ಮಾರತೊಡಗಿದ. ಅವನಿಗೆ ಅಂಗಡಿಯಿಲ್ಲ, ಇನ್‌ಸ್ಟಾಗ್ರಾಮೇ ಅಂಗಡಿ. "ಸರ್, ಬರೀ ಪುಡಿಯನ್ನು ಯಾರು ನೋಡುತ್ತಾರೆ? ಅದಕ್ಕೊಂದು ಕಥೆ ಬೇಕಂತೆ. ನೀವು ಬರೆದುಕೊಡಬೇಕು" ಎಂದ. ಕನ್ನಡದ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಸನ್ಮಾನವುಂಟೆ? ಅಂದೇ ರಾತ್ರಿ ಬರೆದೆ: ಅಜ್ಜಿಯ ಕೈಗುಣ, ಹಿತ್ತಿಲ ಕರಿಬೇವು, ಕಲ್ಲಿನ ಒರಳು, ಒನಕೆಯ ಸದ್ದು. ಪುಡಿಯಾಗುವುದು ಮಿಕ್ಸಿಯಲ್ಲೆಂದು ನನಗೆ ಗೊತ್ತಿತ್ತು. ಅವನ ಅಜ್ಜಿಯನ್ನಂತೂ ನಾನು ಕಂಡೇ ಇರಲಿಲ್ಲ.

ಕಥೆ ಫಲಿಸಿತು, ಬೇಡಿಕೆ ಬಂತು. ಕೆಲವು ತಿಂಗಳ ಮೇಲೆ ಅವನ ಮನೆಗೆ ಹೋದಾಗ ಜಗುಲಿಯ ಮೇಲೊಂದು ಹೊಸ ಒರಳು ಕಂಡಿತು. ಕೊಂಡವರೊಬ್ಬರು, ಮಗಳಿಗೆ ಒರಳು ತೋರಿಸಬೇಕೆಂದು ಮನೆ ಹುಡುಕಿಕೊಂಡು ಬಂದಿದ್ದರಂತೆ. ಆಮೇಲೆ ಇವನು ಇದನ್ನು ಕೊಂಡು ತಂದಿದ್ದ. ಅದರೊಳಗೆ ಒಂದು ಮೆಣಸಿನಕಾಯಿಯೂ ಬಿದ್ದಿರಲಿಲ್ಲ. ಅವನ ತಾಯಿ ಕಾಫಿ ಕೊಡುತ್ತ, ನನ್ನ ಮುಖ ನೋಡದೆ, "ಯಾರಾದರೂ ಕೇಳಿದರೆ ಇದರಲ್ಲೇ ಕುಟ್ಟುತ್ತೇನೆ ಅನ್ನಬೇಕಾಗಿದೆ ಮೇಷ್ಟ್ರೇ" ಎಂದರು.

ಆ ಮಾತು ನನ್ನ ನಿದ್ದೆ ಕೆಡಿಸಿತು. ನನ್ನ ಮನಸ್ಸು ಮೊದಲು ಅಲಂಕಾರಶಾಸ್ತ್ರದ ಮರೆ ಹೊಕ್ಕಿತು. ಅತಿಶಯೋಕ್ತಿಯೂ ಅಲಂಕಾರವಲ್ಲವೆ? ಆದರೆ ಉಪ್ಪರಿಗೆ ಚಂದ್ರನನ್ನು ಮುಟ್ಟುತ್ತದೆ ಎಂದರೆ ಯಾರೂ ಏಣಿ ತರುವುದಿಲ್ಲ. ಕವಿ ಓದುಗರ ನಡುವೆ ಅಲ್ಲೊಂದು ಒಪ್ಪಂದವಿದೆ. 1918ರಿಂದ ತಯಾರಾಗುತ್ತಿರುವ ನಮ್ಮ ಮೈಸೂರು ಸ್ಯಾಂಡಲ್ ಸೋಪಿನ ಮುದ್ರೆಯನ್ನೇ ನೋಡಿ. ಸಿಂಹದ ಮೈ, ಆನೆಯ ತಲೆಯ ಶರಭ ಅದು. ಯಾವ ಕಾಡಿನಲ್ಲಿದೆ ಎಂದು ಯಾರೂ ಕೇಳುವುದಿಲ್ಲ, ಅದರಿಂದ ಯಾರಿಗೂ ಮೋಸವಿಲ್ಲ. ಒಳಗೆ ಶ್ರೀಗಂಧದ ಎಣ್ಣೆಯಿದೆ ಎಂಬ ಮಾತು ಮಾತ್ರ ಬೇರೆ ಜಾತಿಯದು. ಅದನ್ನು ನಂಬಿ ಜನ ದುಡ್ಡು ಕೊಡುತ್ತಾರೆ. ನನ್ನ ಒರಳು ಶರಭವಾಗಿರಲಿಲ್ಲ, ಎಣ್ಣೆಯ ಮಾತಾಗಿತ್ತು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ ದಂಡವುಂಟು. ಆದರೆ ಆ ಜಗುಲಿಯ ಮೇಲೆ ನನ್ನನ್ನು ಹಿಡಿದದ್ದು ಕಾಯ್ದೆಯಲ್ಲ.

ಸಣ್ಣ ವ್ಯಾಪಾರಿಯ ಕಷ್ಟವೂ ಸುಳ್ಳಲ್ಲ. ಸಂತೆಯಲ್ಲಾದರೆ ಒಂದು ಚಿಟಿಕೆ ಅಂಗೈಗೆ ಹಾಕಿ, "ರುಚಿ ನೋಡಿ" ಎನ್ನಬಹುದು. ಫೋನಿನ ಗಾಜಿನಾಚೆಗೆ ವಾಸನೆ ದಾಟದು, ಚಿಟಿಕೆ ದಾಟದು, ಮಾತೊಂದೇ ದಾಟುತ್ತದೆ. ಚಿಟಿಕೆಯ ಕೆಲಸವನ್ನು ಈಗ ಮಾತು ಮಾಡಬೇಕಾಗಿದೆ. ಅದರಿಂದಲೇ ಚಿಟಿಕೆಯ ಧರ್ಮ ಮಾತಿಗೂ ಸಲ್ಲುತ್ತದೆ: ಯಾವ ಡಬ್ಬಿಯದನ್ನು ಮಾರುತ್ತೇವೆಯೋ ಅದೇ ಡಬ್ಬಿಯಿಂದ ತೆಗೆದದ್ದಾಗಿರಬೇಕು. ಒಂದರ ರುಚಿ ತೋರಿಸಿ ಇನ್ನೊಂದನ್ನು ತೂಗಿಕೊಡುವವನನ್ನು ಸಂತೆಯಲ್ಲಿ ಏನೆಂದು ಕರೆಯುತ್ತಾರೋ ನಮಗೆಲ್ಲ ಗೊತ್ತು.

ಮತ್ತೆ ಕುಳಿತು ಬರೆದೆ: "ಬ್ಯಾಡಗಿ ಮೆಣಸಿನಕಾಯಿ, ಬಣ್ಣ ಹೆಚ್ಚು, ಖಾರ ಕಡಮೆ. ಸಣ್ಣ ಉರಿಯಲ್ಲಿ ಹುರಿಯುವುದು ಅಮ್ಮ, ಪುಡಿ ಮಾಡುವುದು ಮಿಕ್ಸಿ." ಶಿಷ್ಯ ಎರಡು ಸಲ ಓದಿದ. "ಇದು ಓಡುತ್ತದೆಯೇ ಸರ್?" ಎಂದ.

ಓಡುತ್ತದೆ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ತಿಂಗಳು ತಿಂಗಳು ಸಂಬಳ ಎಣಿಸುವವನಿಗೆ ನೀತಿ ಅಗ್ಗ, ನಷ್ಟ ಅವನದು. ಆದರೂ ಅವನು ಹಳೆಯದನ್ನು ತೆಗೆದು ಇದನ್ನು ಹಾಕಿದ. ಬೇಡಿಕೆ ಸ್ವಲ್ಪ ಇಳಿದಿದೆಯಂತೆ. ಅವನ ತಾಯಿ ಮಾತ್ರ ಆ ಮೂರು ಸಾಲನ್ನು ಬಂದವರಿಗೆ ತಾವೇ ಓದಿ ಹೇಳುತ್ತಾರಂತೆ. ಮೊದಲು ಬರೆದುಕೊಟ್ಟದ್ದನ್ನು ಅವರು ಒಂದು ದಿನವೂ ಓದಿ ಹೇಳಿರಲಿಲ್ಲ.